ತುಟಿ ಸೋಕಿಸದೆ ಕುಡಿಯುತ್ತಿದ್ದವಳು

ಕಳೆದ ತಿಂಗಳು ನಿಮ್ಮಲ್ಲಿ ದೊಡ್ಡವಳು ಚರ್ಚಿನಲ್ಲಿ ದೃಢೀಕರಣದ ಪಾಠ ಮುಗಿಸಿಕೊಂಡು ಬಂದು ನನ್ನ ಪಕ್ಕ ಕೂತು, "ಅಜ್ಜಿ, ನಿಂಗೆ ಯಾವತ್ತೂ ಡೌಟೇ ಬರ್ಲಿಲ್ವಾ?" ಎಂದು ಕೇಳಿದಳು. ನಾನು ಸೊಪ್ಪು ಬಿಡಿಸುತ್ತಿದ್ದೆ. "ಬಂದಿತ್ತು" ಎಂದೆ. "ಆಮೇಲೆ?" ಎಂದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು, ನಾನು ಎದ್ದು ಒಳಗೆ ಹೋದೆ. ಕುಕ್ಕರ್ ಕೂಗದಿದ್ದರೂ ಏನಾದರೂ ನೆವ ಹೇಳಿ ಏಳುತ್ತಿದ್ದೆ. ಇಂಥದ್ದನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಹಳ್ಳಿ ಸ್ಕೂಲಿನಲ್ಲಿ ಏಳನೇ ಕ್ಲಾಸಿನ ತನಕ ಕಲಿತ ಬರವಣಿಗೆ ಇದೆ, ಅದರಲ್ಲೇ ಬರೆದಿಡುತ್ತೇನೆ. ನಿಮ್ಮ ಅಮ್ಮನಿಗೂ ಇದರಲ್ಲಿ ಅರ್ಧ ಗೊತ್ತಿಲ್ಲ.

ನನ್ನ ತವರು ಜಾವಗಲ್ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಅರಸೀಕೆರೆಗೆ ಬಂದೆ. ನಿಮ್ಮ ತಾತ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಬಂದು ಹೋಗುವ ಗಾಡಿಗಳಿಗೆ ಹಳಿ ಬದಲಿಸಿ ದಾರಿ ಮಾಡಿಕೊಡುವ ಕೆಲಸ. ಕ್ವಾರ್ಟರ್ಸಿನಲ್ಲಿ ನಾವು ನಾಲ್ಕು ಜನ: ಅವರು, ನಾನು, ನಿಮ್ಮ ಅಮ್ಮ, ಮತ್ತೆ ನನ್ನ ಅತ್ತೆ. ಅತ್ತೆಗೆ ದೇವರ ಗೂಡು, ಹಿತ್ತಾಳೆ ದೀಪ, ಮಡಿ ಎಲ್ಲ ಇತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಎಂಜಲು. ನಮ್ಮ ಮನೆಯಲ್ಲಿ ನೀರು ಕುಡಿಯುವವರು ಲೋಟವನ್ನು ಎತ್ತಿ, ತಲೆ ಹಿಂದಕ್ಕೆ ಮಾಡಿ, ಬಾಯಿಗೆ ಹುಯ್ದುಕೊಳ್ಳಬೇಕು. ಲೋಟ ತುಟಿಗೆ ಸೋಕಬಾರದು. ಇದನ್ನು ನನ್ನ ತಾಯಿಯೂ ನನಗೆ ತಲೆಗೆ ಮೊಟಕಿ ಕಲಿಸಿದ್ದಳು, ಅದಕ್ಕೇ ಅತ್ತೆಯ ಮನೆಯಲ್ಲಿ ಕಷ್ಟವಾಗಲಿಲ್ಲ. ಗಂಡ ಉಂಡ ತಟ್ಟೆಯಲ್ಲಿ ನಾನು ಉಣ್ಣುತ್ತಿದ್ದೆ, ಮಗು ಬಿಟ್ಟ ಅನ್ನವನ್ನೂ ತಿನ್ನುತ್ತಿದ್ದೆ. ಅದು ಎಂಜಲಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಬೇರೆ ಯಾರದ್ದಾದರೂ ಬಾಯಿ ಸೋಕಿದ ಲೋಟವನ್ನು ನೋಡಿದರೆ ಮಾತ್ರ ನನಗೆ ಹೊಟ್ಟೆ ತೊಳಸುತ್ತಿತ್ತು.

ಕ್ವಾರ್ಟರ್ಸಿನ ಹಿಂದಿನ ರಸ್ತೆಯಲ್ಲಿ ಟೀಚರಮ್ಮನ ಬಾಡಿಗೆ ಮನೆ. ಅವರು ಹಳೇಬೀಡಿನ ಕಡೆ ಬಹಳ ವರ್ಷ ಪಾಠ ಮಾಡಿ ರಿಟೈರ್ ಆಗಿದ್ದ ಕ್ರೈಸ್ತ ಹೆಂಗಸು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಿಮ್ಮ ಅಮ್ಮನಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಅಷ್ಟೇ ನಮಗೂ ಅವರಿಗೂ ಇದ್ದ ಸಂಬಂಧ.

ತೊಂಬತ್ತರ ದಶಕದ ನಡುವಿನಲ್ಲಿ ನಿಮ್ಮ ತಾತನಿಗೆ ಕಾಮಾಲೆ ಬಂತು. ಮೊದಲು ನಾಟಿ ಔಷಧ ಕೊಡಿಸಿದೆವು, ಆಮೇಲೆ ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಲಿವರ್ ಪೂರ್ತಿ ಹೋಗಿದೆ ಎಂದರು. ಅತ್ತೆ ಮನೆದೇವರಿಗೆ ಹರಕೆ ಹೊತ್ತರು. ಟೀಚರಮ್ಮ ಬಸ್ಸು ಹಿಡಿದು ಹಾಸನಕ್ಕೆ ಬಂದು, ಮಂಚದ ಪಕ್ಕ ನಿಂತು, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಅವರು ಹೋದ ಮೇಲೆ ನಾನೂ ಅವರಂತೆಯೇ ಕಣ್ಣು ಮುಚ್ಚಿ, ಮನಸ್ಸಿನಲ್ಲೇ, "ಏಸುಸ್ವಾಮಿ, ಇವರನ್ನ ಉಳಿಸಿಕೊಡು, ನಿನ್ನನ್ನ ನಂಬ್ತೀನಿ" ಎಂದೆ. ಹತ್ತೊಂಬತ್ತನೇ ದಿನ ಬೆಳಿಗ್ಗೆ ಅವರು ಹೋದರು.

ಅತ್ತೆ ತಮ್ಮ ದೇವರ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ. ಮಗನ ಹನ್ನೊಂದನೇ ದಿನದ ಕರ್ಮ ಮುಗಿದ ಮಾರನೆಯ ದಿನವೇ ದೀಪ ಹಚ್ಚಿದರು. ನನಗೆ ಎಲ್ಲ ದೇವರ ಮೇಲೂ ಸಿಟ್ಟು ಬಂತು. ಆದರೆ ಯಾರ ಹತ್ತಿರವೂ ಹೇಳಲಿಲ್ಲ.

ರೈಲ್ವೆಯವರು ನನಗೆ ಕೆಲಸ ಕೊಟ್ಟರು. ಸ್ಟೇಷನ್ನಿನಲ್ಲಿ ಹೆಂಗಸರ ವೇಟಿಂಗ್ ರೂಮಿನ ಆಯಾ. ನೆಲ ಒರೆಸುವುದು, ಬಾತ್‌ರೂಮ್ ತೊಳೆಯುವುದು, ಟಿಕೆಟ್ ನೋಡಿ ಒಳಗೆ ಬಿಡುವುದು. ಕ್ವಾರ್ಟರ್ಸ್ ಉಳಿಯಿತು. ಜನ ಕೆಟ್ಟವರೇನೂ ಆಗಿರಲಿಲ್ಲ. ಆದರೆ ಪಕ್ಕದ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಹೆಂಗಸರು ಸೇರಿದಾಗ ಯಾರೂ ಹೇಳದೆಯೇ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಮಾದಿಹಳ್ಳಿಯಲ್ಲಿ ನನ್ನ ಅಕ್ಕನ ಮಗಳ ಮದುವೆಯಾದಾಗ ಧಾರೆಯ ಹೊತ್ತಿಗೆ ನಾನು ಹಿತ್ತಿಲಲ್ಲಿ ಹಪ್ಪಳ ಕರಿಯುತ್ತಿದ್ದೆ. ಟೀಚರಮ್ಮನೂ ಗಂಡ ಇಲ್ಲದವರೇ. ಅವರ ಜನರಲ್ಲಿ ಮಗುವಿಗೆ ಹೆಸರಿಡಬೇಕಾದರೆ ಮೊದಲು ಅವರ ಮಡಿಲಿಗೆ ಹಾಕುತ್ತಿದ್ದರು. ಇದನ್ನು ನೋಡಿಯೇ ನಾನು ಆ ಕಡೆ ಹೋದೆ ಎಂದು ಆಮೇಲೆ ನಮ್ಮವರು ಆಡಿಕೊಂಡರು. ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಹೋದದ್ದು ಹೀಗೆ. ಸಕ್ಕರೆ ಕಾಯಿಲೆಯಿಂದ ಟೀಚರಮ್ಮನ ಕಣ್ಣು ಮಂಜಾಗುತ್ತಾ ಬಂತು. ಒಂದು ದಿನ ನನ್ನನ್ನು ಕರೆದು ಹೇಳಿದರು. "ಭಾನುವಾರ ನಿಂಗೆ ಮಧ್ಯಾಹ್ನದ ಡ್ಯೂಟಿ ಅಲ್ವಾ? ಬೆಳಿಗ್ಗೆ ನನ್ನ ಕೈ ಹಿಡ್ಕೊಂಡು ಚರ್ಚಿಗೆ ಬಾರಮ್ಮ."

ನಾನು ಹೊರಡಲು ಎದ್ದೆ.

"ನಂಬು ಅಂತ ಕರೀತಿಲ್ಲ ಕಣಮ್ಮ. ಮೆಟ್ಟಿಲು ಕಾಣಲ್ಲ ಅಂತ ಕರೀತಿದೀನಿ."

ಹೀಗೆ ಮೆಟ್ಟಿಲು ಹತ್ತಿಸಲು ಹೋದವಳು ನಾನು. ಹಿಂದಿನ ಬೆಂಚಿನ ಮೂಲೆಯಲ್ಲಿ ಅವರ ಪಕ್ಕ ಕೂರುತ್ತಿದ್ದೆ. ಹಾಡಿನ ಪುಸ್ತಕ, ವೇದಪುಸ್ತಕ ಎರಡರ ಅಕ್ಷರವೂ ಅವರಿಗೆ ಕಾಣುತ್ತಿರಲಿಲ್ಲ. ಅವರ ಕಿವಿಯ ಹತ್ತಿರ ಮೆಲ್ಲಗೆ ಓದಿ ಹೇಳುವ ಕೆಲಸವೂ ನನ್ನ ಪಾಲಿಗೆ ಬಂತು. ಕ್ರಮೇಣ ವಾರದ ನಡುವೆಯೂ ಅವರ ಮನೆಗೆ ಹೋಗಿ ಓದತೊಡಗಿದೆ. ಓದುವುದು ನನಗೆ ಇಷ್ಟವಾಗಿತ್ತು. ನಂಬಿಕೆ ಬೇರೆ ಮಾತು. ಆಸ್ಪತ್ರೆಯಲ್ಲಿ ಆ ದಿನ ನಾನು ಕೇಳಿದ್ದು ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಕೊಡಲಿಲ್ಲವೋ ಎಂಬುದು ಓದುವಾಗಲೆಲ್ಲ ಮನಸ್ಸಿಗೆ ಬರುತ್ತಿತ್ತು.

ಆರೇಳು ತಿಂಗಳಾದ ಮೇಲೆ ಒಂದು ಭಾನುವಾರ ನಾನು ಎಡವಟ್ಟು ಮಾಡಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಂದು ಕರ್ತನ ಭೋಜನ ಇತ್ತು. ಬೇರೆ ದಿನ ಟೀಚರಮ್ಮನನ್ನು ಮುಂದೆ ಮೊಣಕಾಲೂರುವ ಕಟಾಂಜನದ ತನಕ ಬಿಟ್ಟು ನಾನು ಹಿಂದಕ್ಕೆ ಬರುತ್ತಿದ್ದೆ. ಅಂದು ಅವರಿಗೆ ಮಂಡಿ ನೋವು ಜಾಸ್ತಿಯಾಗಿ, "ಜೊತೆಲೇ ಇರಮ್ಮ" ಎಂದರು. ಅವರ ಜೊತೆ ನಾನೂ ಮೊಣಕಾಲೂರಿದೆ. ಅದು ದೀಕ್ಷಾಸ್ನಾನ ಆದವರಿಗೆ ಮಾತ್ರ ಎಂದು ನನಗೆ ಗೊತ್ತಿರಲಿಲ್ಲ. ಸಭೆಯ ಪಾಸ್ಟರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದರು. ಅವರು ಊರಿಗೆ ಹೊಸಬರು, ನನ್ನನ್ನು ಸರಿಯಾಗಿ ಗುರುತು ಹಿಡಿದಿರಲಿಲ್ಲ. ಎಲ್ಲರೂ ಕೈ ಚಾಚಿದರು, ನಾನೂ ಚಾಚಿದೆ. ಅಂಗೈ ಮೇಲೆ ಒಂದು ತುಂಡು ರೊಟ್ಟಿ ಇಟ್ಟರು. ನಾನು ಅದನ್ನು ಎರಡು ಕಣ್ಣಿಗೂ ಒತ್ತಿಕೊಂಡು, ಚೂರು ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಸೆರಗಿನ ತುದಿಗೆ ಗಂಟು ಹಾಕಿದೆ. ಮನೆಯಲ್ಲಿ ನಿಮ್ಮ ಅಮ್ಮ ಜ್ವರ ಬಂದು ಮಲಗಿದ್ದಳು, ಆಗ ಅವಳಿಗೆ ಒಂಬತ್ತು ವರ್ಷ. ದೇವರ ಹತ್ತಿರ ಹೋದವರು ಬರಿಗೈಯಲ್ಲಿ ಮನೆಗೆ ಬರುವುದು ನಮ್ಮಲ್ಲಿ ಇರಲಿಲ್ಲ.

ಆಮೇಲೆ ಬಟ್ಟಲು ಬಂತು. ಬೆಳ್ಳಿಯ ಬಣ್ಣದ ದೊಡ್ಡ ಬಟ್ಟಲು, ಒಳಗೆ ದ್ರಾಕ್ಷಿ ರಸ. ಸಾಲಿನಲ್ಲಿದ್ದ ಒಬ್ಬೊಬ್ಬರೂ ಅದೇ ಬಟ್ಟಲಿಗೆ ತುಟಿ ಇಟ್ಟು ಕುಡಿಯುತ್ತಿದ್ದರು. ಅಯ್ಯನವರು ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ಪಕ್ಕದವರಿಗೆ ಹಿಡಿಯುತ್ತಿದ್ದರು. ಅದು ನನ್ನ ಕಡೆ ಬರುತ್ತಿದ್ದಂತೆ ನನ್ನ ಹೊಟ್ಟೆ ತೊಳಸತೊಡಗಿತು. ಏಳಲು ಧೈರ್ಯ ಬರಲಿಲ್ಲ. ಟೀಚರಮ್ಮ ಕುಡಿದ ಮೇಲೆ ನನ್ನ ಸರದಿ ಬಂತು. ನಾನು ಅಭ್ಯಾಸದಂತೆ ತಲೆ ಹಿಂದಕ್ಕೆ ಮಾಡಿ, ಮುಖ ಮೇಲೆತ್ತಿ, ಬಾಯಿ ಅಗಲವಾಗಿ ತೆರೆದುಬಿಟ್ಟೆ. ಮೇಲಿನಿಂದ ಹುಯ್ಯಲಿ ಎಂದು.

ಅಯ್ಯನವರಿಗೆ ಒಂದು ಗಳಿಗೆ ಏನೂ ತೋಚಲಿಲ್ಲ. ಪಾಪ, ಅಷ್ಟು ಜನರ ಮುಂದೆ ಅವರಾದರೂ ಏನು ಮಾಡುತ್ತಾರೆ. ಬಟ್ಟಲನ್ನು ಸ್ವಲ್ಪ ಬಗ್ಗಿಸಿ ಹುಯ್ದರು. ಅವರಿಗೆ ಅದು ರೂಢಿಯಿಲ್ಲ. ಕಾಲು ಭಾಗ ಬಾಯಿಗೆ, ಉಳಿದದ್ದು ಗಲ್ಲದ ಮೇಲೆ, ಕುಪ್ಪಸದ ಮೇಲೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಆರಾಧನೆ ಮುಗಿದು ಹೊರಗೆ ಬಂದಾಗ ಹಾಡಿನಮ್ಮ ನನ್ನನ್ನು ಹಿಡಿದರು. ಸಭೆಯಲ್ಲಿ ಹಾಡು ಎತ್ತಿಕೊಡುತ್ತಿದ್ದ, ಗಟ್ಟಿ ಗಂಟಲಿನ ಹೆಂಗಸು ಅವರು, ನಾನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು ಹಾಡಿನಮ್ಮ. ನೇರವಾಗಿ ಬಂದು ನನ್ನ ಸೆರಗಿನ ಗಂಟನ್ನು ಕೈಯಲ್ಲಿ ಹಿಡಿದರು.

"ಏನಮ್ಮ ಇದು? ಪ್ರಸಾದ ಅನ್ಕೊಂಡ್ಯಾ? ಸ್ನಾನ ತಗೊಂಡಿದೀಯಾ ನೀನು?"

"ಬೆಳಿಗ್ಗೆನೇ ಮಾಡ್ಕೊಂಡೇ ಬಂದೆ" ಎಂದೆ.

ಸುತ್ತ ಇದ್ದವರು ನಗಲಿಕ್ಕೆ ಶುರು ಮಾಡಿದರು. ಟೀಚರಮ್ಮ ದನಿ ಬಂದ ಕಡೆ ತಿರುಗಿ, "ತಪ್ಪು ನಂದು ಕಣ್ರೀ, ಇರು ಅಂದೋಳು ನಾನು" ಎಂದರು. ಅಷ್ಟರಲ್ಲಿ ಅಯ್ಯನವರು ಬಂದು, "ಯಾರಿಗಮ್ಮ ಕಟ್ಕೊಂಡಿರೋದು?" ಎಂದು ಕೇಳಿದರು. "ಮಗಳಿಗೆ. ಜ್ವರ" ಎಂದೆ. ಅವರು ಹಾಡಿನಮ್ಮನ ಕೈಯಲ್ಲಿದ್ದ ಗಂಟನ್ನು ನೋಡಿ ಹೇಳಿದರು. "ಅದು ನಂಬಿಕೆ ಹೇಳ್ಕೊಂಡು ತಗೊಳ್ಳೋ ಊಟ ಅಮ್ಮ. ಇನ್ನೊಂದ್ಸಲ ನನ್ನ ಕೇಳಿ. ಇವತ್ತು ಕೊಟ್ಟಿದ್ದು ಕೊಟ್ಟಾಯ್ತು, ತಗೊಂಡು ಹೋಗಿ." ಹಾಡಿನಮ್ಮ ಗಂಟನ್ನು ಬಿಟ್ಟರು. ಮುಖದ ಗಂಟನ್ನು ಮಾತ್ರ ಬಿಡಲಿಲ್ಲ.

ನಿಮ್ಮ ಅಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಬರೀ ಬ್ರೆಡ್ಡಾ? ಜಾಮ್ ಕೊಡ್ಲಿಲ್ವಾ?" ಎಂದಳು. ಸಂಜೆಗೆ ಜ್ವರ ಇಳಿಯಿತು. ಆದರೆ ಹಿಂದಿನ ದಿನವೇ ಡಾಕ್ಟರ ಹತ್ತಿರ ಇಂಜೆಕ್ಷನ್ ಕೊಡಿಸಿದ್ದೆ. ಅದನ್ನೂ ಬರೆಯಬೇಕು.

ಮಾರನೆಯ ದಿನ ಅಯ್ಯನವರು ಮಗುವನ್ನು ನೋಡಲು ಮನೆಗೆ ಬಂದರು. ಅತ್ತೆ ಬಾಗಿಲಲ್ಲೇ, "ನಮ್ಮನೇಲಿ ಕಾಪಿ ಕುಡೀತೀಯೇನಪ್ಪಾ?" ಎಂದು ಪರೀಕ್ಷೆ ಮಾಡಿದರು. "ಕೊಟ್ರೆ ಕುಡೀತೀನಿ ಅಜ್ಜಿ" ಎಂದರು. ಕಾಫಿ ಕೊಟ್ಟೆ. ಅವರು ನನ್ನ ಮುಖ ನೋಡಿ, ಲೋಟವನ್ನು ಎತ್ತಿ, ಒಂದು ಹನಿಯೂ ಚೆಲ್ಲದೆ ಮೇಲಿನಿಂದ ಕುಡಿದರು. ಕುಡಿದು, "ನಂಗೂ ಬರುತ್ತಮ್ಮ. ಕುಡಿಯೋಕೆ ಬರುತ್ತೆ, ಕುಡಿಸೋಕೆ ಬರಲ್ಲ" ಎಂದರು. ಅತ್ತೆಗೆ ಬಟ್ಟಲಿನ ವಿಷಯ ಗೊತ್ತಿರಲಿಲ್ಲ, ಆದರೂ ನಕ್ಕರು. ನನಗೆ ಅಂದು ಸ್ವಲ್ಪ ಧೈರ್ಯ ಬಂತು.

"ಒಂದು ಕೇಳ್ಲಾ ಅಯ್ಯನವರೇ?"

"ಕೇಳಮ್ಮ."

"ನಮ್ಮನೆಯವರು ವಾಸಿ ಆಗ್ಲಿ ಅಂತ ಟೀಚರಮ್ಮ ಬೇಡ್ಕೊಂಡ್ರು, ನಾನೂ ಬೇಡ್ಕೊಂಡೆ. ಆಗ್ಲಿಲ್ಲ. ಕೇಳಿಸ್ಲಿಲ್ವಾ? ಕೇಳಿಸಿದ್ರೂ ಕೊಡ್ಲಿಲ್ವಾ? ಇಲ್ಲಾ ಅಲ್ಲಿ ಯಾರೂ ಇಲ್ವಾ?"

ಅವರು ಲೋಟ ಕೆಳಗಿಟ್ಟರು. "ಯಾಕೆ ಕೊಡ್ಲಿಲ್ಲ ಅಂತ ನಂಗೆ ಗೊತ್ತಿಲ್ಲಮ್ಮ."

"ಗೊತ್ತಿಲ್ದೆ ಮತ್ತೆ ಬಿಳೀ ಅಂಗಿ ತೊಟ್ಕೊಂಡು ಅಷ್ಟೊತ್ತು ಏನಪ್ಪ ಹೇಳ್ತೀಯ ಅಲ್ಲಿ?" ಅತ್ತೆ ಕೇಳಿಯೇಬಿಟ್ಟರು.

"ಗೊತ್ತಿರೋ ಅಷ್ಟು ಹೇಳ್ತೀನಿ ಅಜ್ಜಿ. ಇದು ಗೊತ್ತಿಲ್ಲ."

ಅವರು ಏನಾದರೂ ಉತ್ತರ ಕೊಟ್ಟಿದ್ದರೆ ನಾನು ಅವತ್ತಿಗೆ ಆ ಕಡೆ ಹೋಗುವುದನ್ನು ನಿಲ್ಲಿಸುತ್ತಿದ್ದೆನೋ ಏನೋ. ನನ್ನ ಪಾಪಕ್ಕೆ ಹೀಗಾಯಿತು ಎಂದು ಒಬ್ಬರು, ನಿಮ್ಮ ತಾತನ ಆಯಸ್ಸು ಅಷ್ಟೇ ಎಂದು ಒಬ್ಬರು, ಎಲ್ಲರೂ ಉತ್ತರ ಕೊಟ್ಟಿದ್ದರು. ಗೊತ್ತಿಲ್ಲ ಎಂದವರು ಇವರೊಬ್ಬರೇ.

ಮುಂದಿನ ವರ್ಷ ನಾನಾಗಿಯೇ ದೀಕ್ಷಾಸ್ನಾನದ ಪಾಠಕ್ಕೆ ಕೂತೆ. ಪಾಠದಲ್ಲಿ ಅಯ್ಯನವರು ಮೊದಲೇ ಹೇಳಿಬಿಟ್ಟಿದ್ದರು: ಸ್ನಾನದ ದಿನ ಎಲ್ಲರ ಮುಂದೆ "ನಂಬುತ್ತೀಯಾ" ಎಂದು ಕೇಳುತ್ತಾರೆ, ನಾವು ಉತ್ತರ ಹೇಳಬೇಕು. ನನಗೆ ಅಲ್ಲೇ ಕಾಲು ಸಿಕ್ಕಿಕೊಂಡಿತು. ನಿಮ್ಮ ತಾತ ಸುಳ್ಳು ಹೇಳುವವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹಳಿ ಬದಲಿಸದೆ ಬದಲಿಸಿದ್ದೇನೆ ಎಂದರೆ ಏನಾಗುತ್ತದೆ ಎನ್ನುತ್ತಿದ್ದರು. ನಂಬದೆ ನಂಬುತ್ತೇನೆ ಎನ್ನಬಾರದು ಎಂದು ನಾನು ಗಟ್ಟಿ ಮಾಡಿಕೊಂಡೆ. ದಿನ ಹತ್ತಿರ ಬಂದಾಗ ಅಯ್ಯನವರಿಗೆ, "ಈ ಸಲ ಬೇಡ" ಎಂದೆ. ಅವರು "ಸರಿ" ಎಂದರು. ಹಾಡಿನಮ್ಮ ಸುಮ್ಮನಿರಲಿಲ್ಲ. "ಗಂಡು ನೋಡಿ ಒಪ್ಪಿ ಮುಹೂರ್ತದ ದಿನ ಓಡಿಹೋಗೋ ಹುಡುಗಿ ಆಯ್ತಲ್ಲಮ್ಮ ನಿಂದು" ಎಂದರು.

ಅದೇ ಹೊತ್ತಿಗೆ ಟೀಚರಮ್ಮನಿಗೆ ಕಣ್ಣು ಪೂರ್ತಿ ಹೋಯಿತು. ಅವರ ತಂಗಿ ಬಂದು ಅವರನ್ನು ಹಳೇಬೀಡಿಗೆ ಕರೆದುಕೊಂಡು ಹೋದರು. ತಂಗಿಯ ಮನೆ ಬಸ್ತಿಹಳ್ಳಿಯಲ್ಲಿ, ಬಸದಿಗಳ ಕಡೆ ಹೋಗುವ ದಾರಿಯಲ್ಲಿ. ನಾನು ರಜೆ ಸಿಕ್ಕ ದಿನ, ತಿಂಗಳಿಗೆ ಎರಡು ಸಲವಾದರೂ, ಬೆಳಗಿನ ಬಸ್ಸು ಹಿಡಿದು ಅವರಿಗೆ ಓದಿ ಹೇಳಲು ಹೋಗುತ್ತಿದ್ದೆ.

ಬಸ್ಸು ಜಾವಗಲ್ ಮೇಲೆ ಹೋಗುತ್ತದೆ. ಒಂದು ದಿನ ಅಲ್ಲಿ ನನ್ನ ತಮ್ಮ ಹತ್ತಿದ. ಸಂತೆಯ ದಿನ, ಬಸ್ಸು ತುಂಬಿತ್ತು. ನನ್ನನ್ನು ನೋಡಿ ಜನರನ್ನು ತಳ್ಳಿಕೊಂಡು ಬಂದು ಪಕ್ಕ ನಿಂತ.

"ಎಲ್ಗಕ್ಕ ಹೊಂಟೆ?"

"ಹಳೇಬೀಡಿಗೆ ಕಣೋ. ಟೀಚರಮ್ಮನ ನೋಡೋಕೆ."

"ಅದೇ ಏಸುನೋರಾ?" ದನಿ ಇಳಿಸಿದ. "ನೀನೂ ಸೇರ್ಕೊಂಡೆ ಅಂತ ಊರೆಲ್ಲ ಗುಲ್ಲಾಗೈತೆ. ನಾನೇನಂತ ಹೇಳ್ಲಿ?"

"ಇನ್ನೂ ಸೇರಿಲ್ಲ ಅಂತ ಹೇಳು."

"ಇನ್ನೂ ಅಂದ್ರೆ? ಸೇರ್ತೀಯೋ ಇಲ್ವೋ?"

"ಗೊತ್ತಿಲ್ಲ ಕಣೋ."

"ಎರಡು ವರ್ಷದಿಂದ ಗೊತ್ತಿಲ್ವಾ? ಹಸ ಕೊಳ್ಳೋಕೂ ನಾನು ಇಷ್ಟು ದಿನ ನೋಡಲ್ಲ" ಎಂದ. ಪಕ್ಕದ ಸೀಟಿನ ಮುದುಕ ನಕ್ಕುಬಿಟ್ಟ. ನನಗೂ ನಗು ಬಂತು. ತಮ್ಮ ನಗಲಿಲ್ಲ. ಇಳಿಯುವ ಮುಂಚೆ, "ಅಪ್ಪನ ತಿಥಿಗಾದ್ರೂ ಬತ್ತೀಯ ತಾನೆ?" ಎಂದು ಕೇಳಿದ. "ಅಪ್ಪ ನನಗೂ ಅಪ್ಪ ಕಣೋ" ಎಂದೆ. ಅವನ ಕಣ್ಣು ಒದ್ದೆಯಾಗಿತ್ತು. ಅಂದು ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಸೇರದೆ ಇದ್ದರೆ ಇವನಿಗೆ ನೆಮ್ಮದಿ. ಸೇರಬೇಕಾದರೆ ಅದಕ್ಕೆ ತಕ್ಕ ನಿಜ ನನ್ನೊಳಗೆ ಇರಬೇಕು.

ಅಂದು ಟೀಚರಮ್ಮ ಜಗುಲಿಯ ಮೇಲೆ ಕೂತು ಕಾಯುತ್ತಿದ್ದರು. ಈಸ್ಟರ್‌ಗೆ ಮೂರು ವಾರ ಇತ್ತು. ಏಸುವಿನ ಕಡೆಯ ದಿನಗಳ ಭಾಗ ಓದು ಎಂದರು. ಅವರಿಗೆ ಅದೆಲ್ಲ ಬಾಯಿಪಾಠ, ಒಂದು ಸಾಲು ಬಿಟ್ಟರೂ "ಹಿಂದಕ್ಕೆ ಹೋಗು" ಎನ್ನುತ್ತಿದ್ದರು. ನಾನು ಓದುತ್ತಾ ತೋಟದ ಭಾಗಕ್ಕೆ ಬಂದೆ. ಹಿಡಿದುಕೊಂಡು ಹೋಗುವವರು ಬರುವ ಮುಂಚೆ ಏಸು ನೆಲದ ಮೇಲೆ ಬಿದ್ದು, ಈ ಸಂಕಟ ತನಗೆ ಬಾರದಿರಲಿ ಎಂದು ತಂದೆಯನ್ನು ಬೇಡುವ ಭಾಗ. ಚರ್ಚಿನಲ್ಲಿ ಅದನ್ನು ಎಷ್ಟು ಸಲ ಕೇಳಿದ್ದೆನೋ. ಅಂದು ನನ್ನ ಬಾಯಲ್ಲೇ ಓದುವಾಗ ನಿಂತುಹೋದೆ.

"ಯಾಕಮ್ಮ, ಕನ್ನಡಕ ಬೇಕಾಯ್ತಾ?" ಎಂದರು ಟೀಚರಮ್ಮ.

"ಮೂರು ಸಲ ಕೇಳಿದ್ರಾ ಇವ್ರು?"

"ಮೂರು ಸಲ."

"ಕೊಡ್ಲಿಲ್ವಾ?"

"ಇಲ್ಲ ಕಣಮ್ಮ. ಬೆಳಗಾದ್ರೆ ಶಿಲುಬೆ."

"ಮಗನಿಗೇ ಕೊಡ್ಲಿಲ್ವಾ?"

ಅವರು ಕೈ ಚಾಚಿ ನನ್ನ ಮಡಿಲಲ್ಲಿದ್ದ ಪುಸ್ತಕ ಸವರಿದರು. ಆಮೇಲೆ, "ಅಷ್ಟು ವರ್ಷ ಮಕ್ಕಳಿಗೆ ಈ ಕತೆ ಹೇಳಿದೀನಿ. ಯಾವ ಮಗೂನೂ ಇದನ್ನ ಕೇಳ್ಲಿಲ್ಲ ನೋಡು" ಎಂದರು.

ವಾಪಸ್ ಬರುವಾಗ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸ್ಟೇಷನ್ನಿನಲ್ಲಿ ಟಿಕೆಟ್ ಕೌಂಟರಿನ ಒಳಗೆ ಒಬ್ಬರು ಕೂತಿರುತ್ತಾರೆ, ಹೊರಗೆ ನಾವೆಲ್ಲ ಸಾಲು ನಿಂತಿರುತ್ತೇವೆ. ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಇಲ್ಲ ಎನ್ನುತ್ತಾರೆ. ನಾನು ಏಸುವನ್ನು ಇಷ್ಟು ದಿನ ಕೌಂಟರಿನ ಒಳಗೆ ಕೂರಿಸಿಕೊಂಡು ಜಗಳವಾಡುತ್ತಿದ್ದೆ. ಅವರು ನನ್ನ ಸಾಲಿನಲ್ಲೇ ನಿಂತಿದ್ದವರು, ಕೇಳಿ ಇಲ್ಲ ಅನ್ನಿಸಿಕೊಂಡವರು ಎಂಬುದು ನನಗೆ ಹೊಳೆದೇ ಇರಲಿಲ್ಲ. ಹಾಗೆ ಅನ್ನಿಸಿಕೊಂಡ ಮೇಲೂ ತಂದೆಯನ್ನು ತಂದೆ ಎಂದೇ ಕರೆದಿದ್ದರು. ನಿಮ್ಮ ತಾತ ಯಾಕೆ ಉಳಿಯಲಿಲ್ಲ ಎಂಬುದಕ್ಕೆ ಉತ್ತರ ಅದರಲ್ಲಿ ಇರಲಿಲ್ಲ, ಇವತ್ತಿಗೂ ಇಲ್ಲ. ಆದರೆ ಆಸ್ಪತ್ರೆಯ ಆ ಹತ್ತೊಂಬತ್ತು ದಿನ ಏಸುವಿಗೆ ಗೊತ್ತಿರುತ್ತದೆ ಎಂದು ಅನ್ನಿಸಿತು. ಬಸ್ಸಿನಲ್ಲೇ, ಕಣ್ಣು ಮುಚ್ಚದೆ, ಹೊಲಗಳನ್ನು ನೋಡುತ್ತಾ ಅವರ ಹತ್ತಿರ ಮಾತಾಡಿದೆ. ಏನನ್ನೂ ಕೇಳಲಿಲ್ಲ. ಮನೆಯ ವಿಷಯ ಹೇಳಿದೆ, ಅಷ್ಟೇ.

ಹಾಗಾದರೆ ಆ ಈಸ್ಟರ್‌ಗೇ ಸ್ನಾನ ತೆಗೆದುಕೊಂಡೆನೇ ಎಂದು ನೀವು ಕೇಳಬಹುದು. ಇಲ್ಲ. ಎರಡನೇ ಸಲವೂ ಮುಂದಕ್ಕೆ ಹಾಕಿದೆ. ಈ ಸಲದ ಕಾರಣವನ್ನು ಯಾರಿಗೂ ಹೇಳಲು ನಾಚಿಕೆ. ಬಟ್ಟಲು. ಸ್ನಾನವಾದ ದಿನವೇ ಕರ್ತನ ಭೋಜನ. ಏಸುವನ್ನು ನಂಬುತ್ತೇನೆ ಎಂದು ಬಾಯಿ ಹೇಳಬಹುದು, ಅದೇ ಬಾಯಿ ಎಲ್ಲರ ತುಟಿ ತಾಗಿದ ಬಟ್ಟಲಿಗೆ ಹೇಸಿಕೊಂಡರೆ? ಅಯ್ಯನವರಿಗೆ ಹೇಳಿದ್ದರೆ ಚಮಚದಲ್ಲಿ ಕೊಡುತ್ತಿದ್ದರೇನೋ. ಹಾಗೆ ಕೇಳುವುದೂ ನನಗೆ ಬೇಕಿರಲಿಲ್ಲ. ಇವರೆಲ್ಲ ನಿನ್ನವರು ಎಂದು ಏಸು ಕೊಟ್ಟಿದ್ದನ್ನು, ಇವರು ನನ್ನವರಲ್ಲ ಎಂದು ಚಮಚ ಹಿಡಿದು ತೆಗೆದುಕೊಂಡ ಹಾಗೆ ಆಗುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ನಿಮ್ಮ ಅಮ್ಮ ಕುಡಿದಿಟ್ಟ ಲೋಟಕ್ಕೆ ಬಾಯಿ ಇಟ್ಟು ಅಭ್ಯಾಸ ಮಾಡಿ ನೋಡಿದೆ. ಮಗಳ ಲೋಟ ಸುಲಭ, ಅದರಿಂದ ಏನೂ ಗೊತ್ತಾಗಲಿಲ್ಲ.

ಮಳೆಗಾಲ ಶುರುವಾಗುವಾಗ ಟೀಚರಮ್ಮನಿಗೆ ಕಾಲಿನ ಗಾಯ ಮಾಯದೆ ಜ್ವರ ಬಂದು ಬೇಲೂರಿನ ಆಸ್ಪತ್ರೆಗೆ ಸೇರಿಸಿದರು. ತಂಗಿಗೂ ವಯಸ್ಸಾಗಿತ್ತು. ನಾನು ಮೂರು ದಿನ ರಜೆ ಹಾಕಿ ನೋಡಿಕೊಳ್ಳಲು ಹೋದೆ. ಮೈ ಒರೆಸುವುದು, ಸೀರೆ ಬದಲಿಸುವುದು, ಪಾತ್ರೆ ಹಿಡಿಯುವುದು, ಎಲ್ಲ ನಿಮ್ಮ ತಾತನಿಗೆ ಮಾಡಿದ ಕೆಲಸವೇ. ಕೈಗೆ ಮರೆತಿರಲಿಲ್ಲ.

ಎರಡನೇ ದಿನ ಬೆಳಿಗ್ಗೆ ತಂಗಿಯವರು ರವೆ ಗಂಜಿ ಕಳಿಸಿದ್ದರು. ಟೀಚರಮ್ಮನನ್ನು ಎತ್ತಿ ಕೂರಿಸಿ, ಲೋಟವನ್ನು ಬಾಯಿಗೆ ಹಿಡಿದು ಕುಡಿಸಿದೆ. ಅರ್ಧ ಕುಡಿದು, "ಸಾಕಮ್ಮ" ಎಂದರು. ಅವರನ್ನು ಮಲಗಿಸಿ, ಬಾಯಿ ಒರೆಸಿ, ಹೊದಿಕೆ ಸರಿಮಾಡಿದೆ. ಹಿಂದಿನ ಮಧ್ಯಾಹ್ನದಿಂದ ನಾನು ಸರಿಯಾಗಿ ಏನೂ ತಿಂದಿರಲಿಲ್ಲ. ಕಿಟಕಿಯ ಹತ್ತಿರ ನಿಂತು ಉಳಿದ ಗಂಜಿಯನ್ನು ಕುಡಿದು, ನಲ್ಲಿಯ ಹತ್ತಿರ ಲೋಟ ತೊಳೆಯಲು ಹೋದೆ. ಬೂದಿ ಹಚ್ಚಿ ಅಂಚನ್ನು ಉಜ್ಜುವಾಗ ಕೈ ನಿಂತಿತು. ಎತ್ತಿ ಕುಡಿದಿರಲಿಲ್ಲ. ತುಟಿ ಇಟ್ಟೇ ಕುಡಿದಿದ್ದೆ, ಅವರು ಕುಡಿದ ಅಂಚಿನಲ್ಲೇ. ಹೊಟ್ಟೆಯನ್ನು ಪರೀಕ್ಷೆ ಮಾಡಿ ನೋಡಿದೆ. ಏನೂ ಇಲ್ಲ, ಗಂಜಿ ಕುಡಿದ ಸಮಾಧಾನ ಅಷ್ಟೇ.

ಒಳಗೆ ಬಂದು, "ಟೀಚರಮ್ಮ, ನಿಮ್ಮ ಎಂಜಲು ಕುಡಿದುಬಿಟ್ಟೆ" ಎಂದೆ.

"ಉಪ್ಪು ಸರಿ ಇತ್ತಾ?" ಎಂದರು. "ನಂಗೆ ಸಪ್ಪೆ ಅನ್ನಿಸ್ತು."

ನಾನು ಮಂಚದ ಅಂಚಿನಲ್ಲಿ ಕೂತೆ. ಅವರು ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡು, "ಹಂಗಿದ್ಮೇಲೆ ಇನ್ನು ಯಾಕಮ್ಮ ಮುಂದಕ್ಕೆ ಹಾಕೋದು?" ಎಂದರು. ಬಟ್ಟಲಿನ ವಿಷಯ ನಾನು ಅವರಿಗೆ ಹೇಳಿಯೇ ಇರಲಿಲ್ಲ. ಅಂದು ಕಟಾಂಜನದ ಹತ್ತಿರ ನಾನು ಬಾಯಿ ತೆರೆದದ್ದು ಅವರಿಗೆ ಕಾಣದಿದ್ದರೂ ತಿಳಿದಿತ್ತು.

ಅವರು ಆಸ್ಪತ್ರೆಯಿಂದ ಮನೆಗೆ ಬಂದರು, ಆದರೆ ಹೆಚ್ಚು ದಿನ ಇರಲಿಲ್ಲ. ನನ್ನ ಸ್ನಾನಕ್ಕೆ ಗೊತ್ತುಮಾಡಿದ್ದ ಭಾನುವಾರಕ್ಕೆ ಎರಡು ವಾರ ಮುಂಚೆ ತೀರಿಕೊಂಡರು. ಅವರು ಉಳಿಯಲಿ ಎಂದು ನಾನು ಬೇಡಿಕೊಂಡಿದ್ದೆ. ಈ ಸಲವೂ ಸಿಗಲಿಲ್ಲ. ಅತ್ತೆ, ಟೀಚರಮ್ಮ ಸತ್ತ ಸುದ್ದಿ ಕೇಳಿ, "ಇನ್ನೇನು, ಬಿಟ್ಬಿಡ್ತೀಯಾ?" ಎಂದು ಕೇಳಿದರು. ಹಳೆಯ ಹಾಗೆ ಸಿಟ್ಟು ಬರುತ್ತದೇನೋ ಎಂದು ನಾನೂ ಎರಡು ದಿನ ಕಾದೆ. ಅಳು ಬಂತು, ಬಹಳ ಬಂತು. ಸಿಟ್ಟು ಬರಲಿಲ್ಲ. ಆಗ ನನಗೆ ಗೊತ್ತಾಯಿತು.

"ಇಲ್ಲ ಅತ್ತೆ, ತಗೋತೀನಿ" ಎಂದೆ.

ಅತ್ತೆ ದೇವರ ಗೂಡಿನ ಕಡೆ ನೋಡಿದರು. "ನನ್ನ ದೀಪ ಬೆಳಗಿಕೊಡ್ತೀಯಾ ಇಲ್ವಾ, ಅಷ್ಟು ಹೇಳು. ನನ್ನ ಬೆರಳು ಮಡಚಲ್ಲ."

"ಬೆಳಗಿಕೊಡ್ತೀನಿ."

ಅವರು ಇರುವ ತನಕ ವಾರಕ್ಕೊಮ್ಮೆ ಹುಣಿಸೆಹಣ್ಣು ಹಾಕಿ ಆ ದೀಪವನ್ನು ಉಜ್ಜಿ ಕೊಟ್ಟೆ. ಹಚ್ಚುವುದು ಅವರ ಕೆಲಸ. ಹಾಡಿನಮ್ಮ ಇದನ್ನು ಅಯ್ಯನವರ ತನಕ ಒಯ್ದರು. "ಹಿತ್ತಾಳೆ ಉಜ್ಜೋದು ಪಾತ್ರೆ ಕೆಲಸ ಅಲ್ವೇನಮ್ಮ" ಎಂದು ಅವರು ಅಷ್ಟಕ್ಕೇ ಮುಗಿಸಿದರು.

ಆ ಭಾನುವಾರ ನಿಮ್ಮ ಅಮ್ಮನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ನಾನು ಹೋಗಿ ನಿಂತೆ. ತಮ್ಮ ಬರಲಿಲ್ಲ, ಒಂದು ಚೀಲ ಎಳನೀರು ಕಳಿಸಿದ್ದ. ಅಯ್ಯನವರು ಕೇಳಿದರು. "ನಂಬುತ್ತೀಯಾ?"

"ನಂಬುತ್ತೇನೆ" ಎಂದೆ. ನನಗೆ ಕೇಳಿಸಿತು, ಬೇರೆ ಯಾರಿಗೂ ಕೇಳಿಸಿರಲಾರದು. ಬೆಂಚುಗಳ ಕಡೆಯಿಂದ ಹಾಡಿನಮ್ಮನ ದನಿ ಬಂತು.

"ಜೋರಾಗಿ ಹೇಳಮ್ಮ! ಮೂರು ವರ್ಷ ಕಾದಿದೀವಿ, ನಮಗೂ ಕೇಳಿಸ್ಲಿ!"

ಜನ ನಕ್ಕರು. ಅಯ್ಯನವರೂ ತಲೆ ತಗ್ಗಿಸಿ ನಕ್ಕರು. ನನ್ನ ಜೀವಮಾನದಲ್ಲಿ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ. "ನಂಬ್ತೀನಿ" ಎಂದೆ. ಪುಸ್ತಕದಲ್ಲಿದ್ದ ಹಾಗೆ ಬರಲಿಲ್ಲ, ಮನೆಯಲ್ಲಿ ಮಾತಾಡುವ ಹಾಗೆ ಬಂತು.

ಕರ್ತನ ಭೋಜನಕ್ಕೆ ನಾಚಿಕೆಯಿಂದ ಎಲ್ಲರಿಗಿಂತ ಹಿಂದೆ ಹೋದೆ. ಹಾಡು ಮುಗಿಸಿ ಬರುವವರು ಹಾಡಿನಮ್ಮ, ಅವರೂ ಕೊನೆಗೇ ಬರುತ್ತಿದ್ದರು. ನನ್ನ ಎಡಕ್ಕೆ ಬಂದು ಮೊಣಕಾಲೂರಿದರು. ಬಟ್ಟಲು ಎಡದಿಂದಲೇ ಬಂತು. ಅವರು ಕುಡಿದರು. ಅಯ್ಯನವರು ಅಂಚು ಒರೆಸಿ ನನ್ನ ಮುಂದೆ ಹಿಡಿದು, ಒಂದು ಗಳಿಗೆ ನನ್ನ ಮುಖ ನೋಡಿದರು, ಮೇಲಿನಿಂದ ಹುಯ್ಯಬೇಕೇನೋ ಎಂಬಂತೆ. ನಾನು ತಲೆ ಎತ್ತಲಿಲ್ಲ. ಬಗ್ಗಿ ತುಟಿ ಇಟ್ಟೆ. ಅಂಚು ಇನ್ನೂ ಬೆಚ್ಚಗಿತ್ತು. ರಸ ಸಿಹಿಗಿಂತ ಹುಳಿಯೇ ಜಾಸ್ತಿ ಇತ್ತು.

ಡೌಟು ಆಮೇಲೆ ಬರಲೇ ಇಲ್ಲವೇ ಎಂದರೆ, ಬಂದಿದೆ. ನಿಮ್ಮ ಅಮ್ಮನ ಹೆರಿಗೆ ಕಷ್ಟವಾದಾಗ ಬಂತು, ಹೋದ ವರ್ಷ ತಮ್ಮ ಸತ್ತಾಗಲೂ ಬಂತು. ಬಂದಾಗ ತೋಟದ ಆ ಭಾಗವನ್ನು ಮತ್ತೆ ಓದುತ್ತೇನೆ.

ಅಂದು ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು. ಮೊದಲು ನನ್ನ ಮುಖ ನೋಡಿದರು, ಆಮೇಲೆ ಸೆರಗಿನ ತುದಿ.

"ಅವತ್ತಿನಂಗೆ ಮಗೂಗೆ ಏನೂ ಕಟ್ಕೊಂಡು ಬರ್ಲಿಲ್ವಾ?"

"ಇಲ್ಲ ಅತ್ತೆ" ಎಂದೆ. "ಇವತ್ತು ಪೂರ್ತಿ ನಾನೇ ತಿಂದೆ."